ಬೇಸ್‌ಮೆಂಟಿನಲ್ಲಿ ಹನ್ನೊಂದು ಪೆಟ್ಟಿಗೆ ಬೇಸ್‌ಬಾಲ್ ಕಾರ್ಡ್: ಆಸ್ತಿಯೋ, ರದ್ದಿಯೋ?

ಪ್ರಶ್ನೆ: ನಾವು 1986ರಲ್ಲಿ ಮೈಸೂರಿನಿಂದ ಓಹಾಯೋಗೆ ಬಂದೆವು. ಮಗನಿಗೆ ಆಗ ಆರು ವರ್ಷ. ಮರುವರ್ಷ ಪಕ್ಕದ ಮನೆಯ ಹುಡುಗ ಅವನಿಗೆ ನಾಲ್ಕು ಬೇಸ್‌ಬಾಲ್ ಕಾರ್ಡ್ (ಆಟಗಾರರ ಚಿತ್ರವಿರುವ ಪುಟ್ಟ ರಟ್ಟಿನ ತುಂಡು) ಕೊಟ್ಟ. ಅಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ಅಪ್ಪ ಮಗ ಇಬ್ಬರೂ ಅಂಗಡಿಗೆ ಹೋಗಿ ಪ್ಯಾಕ್ ತರುತ್ತಿದ್ದೆವು. ಕಾಲೇಜಿಗೆ ಹೋದ ಮೇಲೆ ಅವನು ಬಿಟ್ಟ, ನಾನು ಬಿಡಲಿಲ್ಲ. ಈಗ ಬೇಸ್‌ಮೆಂಟಿನಲ್ಲಿ ಹನ್ನೊಂದು ಪೆಟ್ಟಿಗೆ, ಸುಮಾರು 30,000 ಕಾರ್ಡ್ ಇವೆ. ಹೆಚ್ಚಿನವು 1987ರಿಂದ 1993ರ ನಡುವಿನವು. ಹಳೆಯದು ಅಂದರೆ ಒಂದೇ ಒಂದು, ಚೆಂಡೆಸೆಯುವುದರಲ್ಲಿ ಹೆಸರಾದ ನೋಲನ್ ರಯಾನ್ ಅವರ 1968ರ ಕಾರ್ಡ್. ಹಳೇ ಸಾಮಾನಿನ ಸಂತೆಯಲ್ಲಿ 60 ಡಾಲರ್‌ಗೆ ಕೊಂಡದ್ದು. ಮಧ್ಯೆ ಒಂದು ಮಡಿಕೆ ಇದೆ. ಮುಂದಿನ ವರ್ಷ ಮನೆ ಮಾರಿ ಮೈಸೂರಿಗೆ ವಾಪಸ್ ಹೋಗುತ್ತಿದ್ದೇವೆ. ಕಾರ್ಡ್ ಅಂಗಡಿಯವರೊಬ್ಬರು ಬಂದು ನೋಡಿ, ಎಲ್ಲಾ ಸೇರಿ 400 ಡಾಲರ್ ಎಂದರು. ಗೆಳೆಯರು "ಇದು ಮೋಸ, ಇಂಥವು ಲಕ್ಷಗಟ್ಟಲೆ ಡಾಲರ್‌ಗೆ ಹೋಗುತ್ತವೆ, ಎಲ್ಲವನ್ನೂ ಗ್ರೇಡಿಂಗ್‌ಗೆ (ಪರೀಕ್ಷಿಸಿ ಅಂಕ ಹಾಕುವವರಿಗೆ) ಕಳಿಸಿ" ಅನ್ನುತ್ತಾರೆ. ರಯಾನ್ ಕಾರ್ಡಿಗೆ ಸ್ವಲ್ಪ ನೀರಿನ ಪಸೆ ತಾಗಿಸಿ ದಪ್ಪ ಪುಸ್ತಕದ ಕೆಳಗಿಟ್ಟರೆ ಮಡಿಕೆ ಹೋಗುತ್ತದೆ ಅಂತ ಅಳಿಯ ಹೇಳುತ್ತಾನೆ. ಹೆಂಡತಿ "ರದ್ದಿಗೆ ಹಾಕಿ" ಅನ್ನುತ್ತಾಳೆ. ಮಗ "ನಿಮ್ಮಿಷ್ಟ ಅಪ್ಪಾ" ಅಂದು ಸುಮ್ಮನಾದ. ಇವುಗಳಿಗೆ ನಿಜವಾಗಿ ಬೆಲೆ ಇದೆಯೋ ಇಲ್ಲವೋ? ಮೈಸೂರಿಗೆ ಒಯ್ದರೆ ಹಾಳಾಗುತ್ತವೆಯೇ? ರಯಾನ್ ಕಾರ್ಡಿನ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಅಳಿಯನನ್ನು ತಡೆಯಿರಿ. ನೀರು, ಪುಸ್ತಕ, ಇಸ್ತ್ರಿಪೆಟ್ಟಿಗೆ ಯಾವುದೂ ಆ ಕಾರ್ಡಿನ ಹತ್ತಿರ ಸುಳಿಯಬಾರದು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಉಳಿದ ವಿಷಯಕ್ಕೆ ಅವಸರವಿಲ್ಲ, ನಿಮಗೆ ಇನ್ನೂ ಒಂದು ವರ್ಷ ಸಮಯವಿದೆ.

ನೀವು ಕೇಳಿದ್ದು ಮೂರ್ನಾಲ್ಕು ಪ್ರಶ್ನೆ. ಆದರೆ ಒಳಗೆ ಕೊರೆಯುತ್ತಿರುವುದು ಒಂದೇ ಅನಿಸಿತು. ಇಷ್ಟು ವರ್ಷ ಕೂಡಿಟ್ಟದ್ದು ಸುಮ್ನೆ ಹೋಯಿತೇ, ಅಥವಾ ಗೊತ್ತಿಲ್ಲದೆ 400 ಡಾಲರ್‌ಗೆ ಚಿನ್ನ ಮಾರಿಬಿಡುತ್ತೇನೆಯೇ? ವಾರಾಂತ್ಯದ ಕಾರ್ಡ್ ಮೇಳಗಳಲ್ಲಿ ಟೇಬಲ್ ಹಾಕಿಕೊಂಡು ಕೂತು ನನಗೆ ಮೂವತ್ತು ವರ್ಷದ ಮೇಲಾಯಿತು. ಇದೇ ಮುಖಭಾವ ಹೊತ್ತು ಪೆಟ್ಟಿಗೆ ತಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನಿಮ್ಮ ಗೆಳೆಯರು ತಪ್ಪು. ನಿಮ್ಮ ಹೆಂಡತಿ ಬಹುಪಾಲು ಸರಿ, ಪೂರ್ತಿ ಅಲ್ಲ. ರದ್ದಿಯಲ್ಲದ ಆ ಸ್ವಲ್ಪ ಎಲ್ಲಿದೆ ಅಂತ ಹುಡುಕುವುದೇ ನಿಮ್ಮ ಕೆಲಸ.

ನಾನೂ ಇದೇ ಗುಂಡಿಗೆ ಬಿದ್ದವನು, ಅದನ್ನು ಮೊದಲೇ ಹೇಳಿಬಿಡಬೇಕು. ಊರಿನಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದ ಹುಡುಗ ನಾನು. ಶಿಪ್ ಮಾರ್ಕಿನ ಚಿತ್ರ ಹತ್ತು ಕೊಟ್ಟರೂ ಯಾರೂ ಒಂದು ಅಪರೂಪದ ಚಿತ್ರ ಬಿಟ್ಟುಕೊಡುತ್ತಿರಲಿಲ್ಲ. ಶಿಪ್ ಎಲ್ಲರ ಮನೆಯ ಒಲೆ ಪಕ್ಕದಲ್ಲೂ ಇತ್ತಲ್ಲ! ಈ ಲೆಕ್ಕ ಎಂಟನೇ ವಯಸ್ಸಿಗೇ ಗೊತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಅದನ್ನು ಹೇಗೆ ಮರೆತೆನೋ.

1984ರಲ್ಲಿ ಓದಲು ಪಿಟ್ಸ್‌ಬರ್ಗ್‌ಗೆ ಬಂದೆ. ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಮೇಣದ ಕಾಗದದ ಪೊಟ್ಟಣಗಳು ಇರುತ್ತಿದ್ದವು. ಒಳಗೆ ಕಾರ್ಡುಗಳು, ಜೊತೆಗೆ ಗುಲಾಬಿ ಬಣ್ಣದ ಒಂದು ಗಮ್ ಪಟ್ಟಿ. ಬಾಯಿಗೆ ಹಾಕಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕಾರ್ಡಿನ ಹಿಂಭಾಗದಲ್ಲಿ ಆಟಗಾರನ ವರ್ಷವಾರು ಅಂಕಿ. ನಾನು ಬೇಸ್‌ಬಾಲ್ ಕಲಿತದ್ದೇ ಆ ಹಿಂಭಾಗ ಓದಿ. ಹತ್ತು ಸಲ ಬ್ಯಾಟ್ ಹಿಡಿದು ಏಳು ಸಲ ಸೋಲುವವನು ಇಲ್ಲಿ ದೊಡ್ಡ ಆಟಗಾರ ಅನ್ನುವುದನ್ನು, ಗುಂಡಪ್ಪ ವಿಶ್ವನಾಥ್ ಆಟ ನೋಡಿ ಬೆಳೆದ ನನಗೆ ಅರಗಿಸಿಕೊಳ್ಳಲು ಬಹಳ ದಿನ ಬೇಕಾಯಿತು.

1986ರಲ್ಲಿ ಬ್ಯಾರಿ ಬಾಂಡ್ಸ್ ನಮ್ಮ ಊರಿನ ಪೈರೇಟ್ಸ್ ತಂಡಕ್ಕೆ ಬಂದರು. ಮರದ ಹಲಗೆಯಂಥ ಅಂಚಿನ, ಟಾಪ್ಸ್ ಕಂಪನಿಯ 1987ರ ಸೆಟ್ (ಆ ವರ್ಷದ ಕಾರ್ಡುಗಳ ಸರಣಿ) ನಿಮ್ಮ ಹತ್ತಿರವೂ ಇದ್ದೇ ಇರುತ್ತದೆ. ಅದರಲ್ಲಿ ಅವರ ಕಾರ್ಡ್ ಬಂತು. ಈ ಹುಡುಗ ದೊಡ್ಡವನಾಗುತ್ತಾನೆ ಅಂತ ನನಗೆ ಖಾತ್ರಿಯಾಗಿತ್ತು. ಅದೇ ಕಾರ್ಡನ್ನು 200 ಕೂಡಿಸಿದೆ. ಮಗಳ ಕಾಲೇಜಿನ ಫೀಸಿಗೆ ಆಗುತ್ತದೆ ಅಂತ ಮನೆಯಲ್ಲಿ ಹೇಳಿದ್ದೆ. ಮುಂದೆ ಬಾಂಡ್ಸ್ 762 ಹೋಮ್ ರನ್ (ನಮ್ಮ ಸಿಕ್ಸರಿನಂಥದ್ದು) ಹೊಡೆದರು. ಅಮೆರಿಕದ ಮೇಜರ್ ಲೀಗ್ ಇತಿಹಾಸದಲ್ಲೇ ಅದಕ್ಕಿಂತ ಜಾಸ್ತಿ ಹೊಡೆದವರಿಲ್ಲ. ಅಂದರೆ ನನ್ನ ಊಹೆ ನೂರಕ್ಕೆ ನೂರು ಸರಿ! ಆ 200 ಕಾರ್ಡ್ ಇವತ್ತಿಗೂ ನನ್ನ ಕಪಾಟಿನಲ್ಲೇ ಇವೆ. ಎಲ್ಲಾ ಮಾರಿದರೂ ಒಂದು ಸೆಮಿಸ್ಟರಿನ ಪುಸ್ತಕದ ಖರ್ಚು ಹುಟ್ಟಿದರೆ ಹೆಚ್ಚು.

ಯಾಕೆ ಹೀಗಾಯಿತು? ಇದು ಅರ್ಥವಾದರೆ ನಿಮ್ಮ ಹನ್ನೊಂದು ಪೆಟ್ಟಿಗೆಯ ಕಥೆಯೂ ಅರ್ಥವಾಗುತ್ತದೆ.

ಹಳೆಯ ಕಾರ್ಡುಗಳಿಗೆ ಬೆಲೆ ಬಂದದ್ದು ಅವು ಹಳೆಯವು ಅನ್ನುವ ಕಾರಣಕ್ಕಲ್ಲ. ಜನ ಅವನ್ನು ಬಿಸಾಡಿದ್ದರು ಅನ್ನುವ ಕಾರಣಕ್ಕೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನಲ್ಲಿ ಪುಟ್ಟ ಕಾರ್ಡ್ ಹಾಕುತ್ತಿತ್ತು. ಟಿ206 ಅಂತ ಈಗ ಅದಕ್ಕೆ ಹೆಸರು. ಅದರಲ್ಲಿ ಪಿಟ್ಸ್‌ಬರ್ಗ್‌ನ ಹೋನಸ್ ವ್ಯಾಗ್ನರ್ ಅವರ ಕಾರ್ಡನ್ನು ಬೇಗನೆ ನಿಲ್ಲಿಸಿಬಿಟ್ಟರು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ ಅಂತ ಒಂದು ಮಾತು, ದುಡ್ಡು ಕೊಡಲಿಲ್ಲ ಅಂತ ಇನ್ನೊಂದು. ಈಗ ಉಳಿದಿರುವುದು ಸುಮಾರು 50-60. 2022ರಲ್ಲಿ ಅದರಲ್ಲಿ ಒಂದು 72.5 ಲಕ್ಷ ಡಾಲರ್‌ಗೆ ಹೋಯಿತು.

ಅದೇ ವರ್ಷ 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 1.26 ಕೋಟಿ ಡಾಲರ್‌ಗೆ ಮಾರಾಟವಾಯಿತು. ನಿಮ್ಮ ಗೆಳೆಯರು ಕೇಳಿರುವ ಸುದ್ದಿ ಬಹುಶಃ ಇದೇ. ಆ ಕಾರ್ಡಿನ ಕಥೆ ಸೊಗಸಾಗಿದೆ. 1952ರ ಸೆಟ್‌ನ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತುವೇ ಮುಗಿಯುತ್ತಾ ಬಂದಿತ್ತು. ಕೊಳ್ಳುವವರಿರಲಿಲ್ಲ. ಮಾಲು ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳೆಯಿತು. ಕಡೆಗೆ 1960ರಲ್ಲಿ ಅದನ್ನು ದೋಣಿಗೆ ತುಂಬಿಸಿ ನ್ಯೂಜೆರ್ಸಿಯ ಕಡಲಿಗೆ ಸುರಿದೆವು ಅಂತ ಟಾಪ್ಸ್ ಕಂಪನಿಯ ಸೈ ಬರ್ಗರ್ ಅವರೇ ಹೇಳುತ್ತಿದ್ದರು. ಆ ಸೆಟ್ಟನ್ನು ರೂಪಿಸಿದವರೂ ಅವರೇ! ಇನ್ನು ಮನೆಗಳಲ್ಲಿದ್ದ ಕಾರ್ಡುಗಳನ್ನು ಹುಡುಗರು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಅಂತ ಸದ್ದು ಮಾಡಿಸಿದರು. ಅವರು ಕಾಲೇಜಿಗೆ ಹೋದಾಗ ಅಮ್ಮಂದಿರು ಉಳಿದದ್ದನ್ನು ಗುಡಿಸಿ ಹಾಕಿದರು.

ಆ ಹುಡುಗರು ಬೆಳೆದು, ಕೈಯಲ್ಲಿ ಕಾಸು ಬಂದು, ತಮ್ಮ ಬಾಲ್ಯವನ್ನು ವಾಪಸ್ ಕೊಳ್ಳಲು ಹೊರಟದ್ದು 1970-80ರ ದಶಕದಲ್ಲಿ. ಬೆಲೆ ಏರಿತು. ಪೇಪರುಗಳಲ್ಲಿ "ಅಮ್ಮ ಬಿಸಾಡಿದ ಕಾರ್ಡು ಈಗ ಸಾವಿರ ಡಾಲರ್" ಅನ್ನುವ ಥರದ ಸುದ್ದಿ ಬಂತು. ಅದನ್ನು ಓದಿದ ಇಡೀ ದೇಶ ಒಂದೇ ತೀರ್ಮಾನಕ್ಕೆ ಬಂತು: ಈ ಸಲ ಬಿಸಾಡಬಾರದು.

ಇತ್ತ ಕಂಪನಿಗಳೂ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಟಾಪ್ಸ್ ಒಂದೇ ಮಾರುಕಟ್ಟೆ ಆಳುತ್ತಿತ್ತು. ಫ್ಲೀರ್ ಕಂಪನಿ ಕೋರ್ಟಿಗೆ ಹೋಗಿ 1980ರಲ್ಲಿ ಗೆದ್ದಿತು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಎರಡೂ ಇಳಿದವು. 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್. ಆಮೇಲೆ ಒಂದೊಂದು ಕಂಪನಿಯೂ ಎರಡು ಮೂರು ಹೆಸರಿನಲ್ಲಿ ಸೆಟ್ ತರತೊಡಗಿತು. ದಿನಸಿ ಅಂಗಡಿ, ಪೆಟ್ರೋಲ್ ಬಂಕ್, ಆಟಿಕೆ ಅಂಗಡಿ ಎಲ್ಲೆಲ್ಲೂ ಕಾರ್ಡ್. ಎಷ್ಟು ಅಚ್ಚು ಹಾಕಿದೆವು ಅಂತ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೊಂಡವರೆಲ್ಲ ಅವನ್ನು ಪ್ಲಾಸ್ಟಿಕ್ ತೊಡಿಸಿ, ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ ಕಾಪಾಡಿದರು. ನಾನು ಕಾಪಾಡಿದೆ. ನೀವು ಕಾಪಾಡಿದಿರಿ. 1994ರಲ್ಲಿ ಆಟಗಾರರು ಮುಷ್ಕರ ಹೂಡಿ ಆ ವರ್ಷದ ವರ್ಲ್ಡ್ ಸೀರೀಸೇ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸರಣಿ) ರದ್ದಾದಾಗ ಹವ್ಯಾಸಿಗಳ ಮನಸ್ಸೂ ಮುರಿಯಿತು, ಸಾಲುಸಾಲಾಗಿ ಅಂಗಡಿಗಳು ಮುಚ್ಚಿದವು. ಕಾರ್ಡುಗಳು ಮಾತ್ರ ಹೊಚ್ಚ ಹೊಸದರ ಹಾಗೆ ಬೇಸ್‌ಮೆಂಟುಗಳಲ್ಲಿ ಉಳಿದವು. ಹವ್ಯಾಸಿಗಳು ಈ ಕಾಲವನ್ನು "ಜಂಕ್ ವ್ಯಾಕ್ಸ್" ಕಾಲ, ಅಂದರೆ ಮೇಣದ ಪೊಟ್ಟಣದ ರದ್ದಿಯ ಕಾಲ ಅನ್ನುತ್ತಾರೆ. ಸುಮಾರು 1987ರಿಂದ 1993. ನಿಮ್ಮ ಪೆಟ್ಟಿಗೆಗಳ ಮೇಲಿನ ವರ್ಷಗಳನ್ನು ನೋಡಿ.

ಹಾಗಾಗಿ ಮೂವತ್ತೈದು ವರ್ಷ ಹಳೆಯದಾದರೂ ನಿಮ್ಮ ಸಾಮಾನ್ಯ ಕಾರ್ಡಿಗೆ ಇವತ್ತು ಒಂದು ಸೆಂಟ್ ಕೂಡ ಸಿಗುವುದು ಕಷ್ಟ. ಇನ್ನೂ ಇಪ್ಪತ್ತು ವರ್ಷ ಇಟ್ಟರೆ ಏರುತ್ತದಾ ಅಂತ ಜನ ಕೇಳುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಅವು ಕಡಿಮೆಯಾಗುತ್ತಿಲ್ಲ, ಕೇಳುವವರು ಹೆಚ್ಚುತ್ತಿಲ್ಲ. ಆಗ ತಂದಿಟ್ಟ ಬೆಕೆಟ್ ಬೆಲೆಪಟ್ಟಿಯ ಹಳೆ ಸಂಚಿಕೆ ನಿಮ್ಮ ಹತ್ತಿರ ಇದ್ದರೆ, ದಯವಿಟ್ಟು ಅದನ್ನು ನೋಡಿ ಲೆಕ್ಕ ಹಾಕಬೇಡಿ. ಅದು ಆ ಕಾಲದಲ್ಲಿ ನಾವೆಲ್ಲ ಕಂಡ ಕನಸಿನ ದಾಖಲೆ, ಅಷ್ಟೆ.

ಆದರೂ ಪೆಟ್ಟಿಗೆ ಪೂರ್ತಿ ರದ್ದಿ ಅಲ್ಲ ಅಂದೆನಲ್ಲ. ಆ ಕಾಲದ ಕೆಲವು ಕಾರ್ಡಿಗೆ ಇವತ್ತಿಗೂ ಗಿರಾಕಿ ಇದ್ದಾರೆ. ಸಂಜೆ ಹೊತ್ತು ಟಿವಿ ನೋಡುತ್ತಾ ಒಂದೊಂದೇ ಪೆಟ್ಟಿಗೆ ಬಿಚ್ಚಿ ಹುಡುಕಿ. 1989ರ ಅಪ್ಪರ್ ಡೆಕ್ ಸೆಟ್‌ನ ಒಂದನೇ ನಂಬರಿನ ಕೆನ್ ಗ್ರಿಫಿ ಜೂನಿಯರ್ ಮೊದಲನೆಯದು. (ಆ ಫೋಟೋದಲ್ಲಿ ಹುಡುಗನ ತಲೆ ಮೇಲಿದ್ದದ್ದು ಬೇರೊಂದು ಚಿಕ್ಕ ತಂಡದ ಟೋಪಿ. ಅದಕ್ಕೆ ಬಣ್ಣ ತಿದ್ದಿ ಸಿಯಾಟಲ್ ತಂಡದ ಟೋಪಿ ಮಾಡಿದ್ದಾರೆ. ಗೊತ್ತಾದ ಮೇಲೆ ಪ್ರತಿ ಸಲ ಅದೇ ಕಣ್ಣಿಗೆ ಬೀಳುತ್ತದೆ.) 1990ರ ಟಾಪ್ಸ್‌ನಲ್ಲಿ ಫ್ರಾಂಕ್ ಥಾಮಸ್ ಕಾರ್ಡ್ ಸಿಕ್ಕರೆ ಮುಂದೆ ಹೆಸರು ಅಚ್ಚಾಗಿದೆಯಾ ನೋಡಿ. ಹೆಸರಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ ನನಗೆ ಬರೆಯಿರಿ. ಹೆಸರಿದ್ದರೆ ಮುಂದಕ್ಕೆ ಹೋಗಿ. 1991ರ ಟಾಪ್ಸ್‌ನಲ್ಲಿ ಗಲ್ಫ್ ಯುದ್ಧದ ಸೈನಿಕರಿಗೆ ಕಳಿಸಿದ, ಡೆಸರ್ಟ್ ಶೀಲ್ಡ್ ಮುದ್ರೆ ಇರುವ ಕಾರ್ಡುಗಳಿವೆ. ಅವುಗಳ ನಕಲಿಯೂ ಬೇಕಾದಷ್ಟಿದೆ. 1992ರ ಬೌಮನ್ ಸೆಟ್‌ನ ಮರಿಯಾನೊ ರಿವೆರಾ, 1993ರ ಎಸ್‌ಪಿ ಸೆಟ್‌ನ ಡೆರೆಕ್ ಜೀಟರ್, 1993ರ ಟಾಪ್ಸ್ ಫೈನೆಸ್ಟ್‌ನಲ್ಲಿ ಬೆಳಕಿಗೆ ಹಿಡಿದರೆ ಕಾಮನಬಿಲ್ಲು ಮೂಡುವ ರಿಫ್ರ್ಯಾಕ್ಟರ್ ಕಾರ್ಡುಗಳು, ಇವೂ ಲೆಕ್ಕಕ್ಕಿವೆ. ಒಡೆಯದ ಪ್ಯಾಕ್ ಏನಾದರೂ ಇದ್ದರೆ ಒಡೆಯಬೇಡಿ. ಆಸೆ ಆಗುತ್ತದೆ, ನನಗೂ ಆಗುತ್ತದೆ. ಆದರೂ ಬೇಡ.

ತಪ್ಪು ಅಚ್ಚಾದ ಕಾರ್ಡಿಗೆಲ್ಲ ಬೆಲೆ ಜಾಸ್ತಿ ಅನ್ನುವ ಮಾತೂ ಚಾಲ್ತಿಯಲ್ಲಿದೆ. ಅರ್ಧ ನಿಜ. ಕಂಪನಿ ತಪ್ಪು ಗಮನಿಸಿ, ಮಧ್ಯದಲ್ಲೇ ತಿದ್ದಿ, ತಿದ್ದುವ ಮೊದಲಿನದು ಕಮ್ಮಿ ಹೊರಬಂದಿದ್ದರೆ ಮಾತ್ರ ಅದು ಅಪರೂಪ. ತಿದ್ದದೇ ಬಿಟ್ಟ ತಪ್ಪು ಎಲ್ಲರ ಹತ್ತಿರವೂ ಇರುತ್ತದೆ. 1989ರ ಫ್ಲೀರ್‌ನಲ್ಲಿ ಬಿಲ್ ರಿಪ್ಕೆನ್ ಹಿಡಿದ ಬ್ಯಾಟಿನ ತುದಿಯಲ್ಲಿ ಒಂದು ಬೈಗುಳ ಬರೆದಿತ್ತು. ಕಂಪನಿಗೆ ಗೊತ್ತಾಗಿ ಗೀಚಿ, ಬಿಳಿ ಬಳಿದು, ಕಪ್ಪು ಚೌಕ ಹಾಕಿ ನಾನಾ ಥರ ಮುಚ್ಚಿದರು. ಆ ವರ್ಷ ಊರಿಗೆ ಊರೇ ಆ ಕಾರ್ಡಿನ ಹಿಂದೆ ಬಿದ್ದು ಎಲ್ಲರೂ ಎತ್ತಿಟ್ಟದ್ದರಿಂದ, ಈಗ ಬೈಗುಳವಿರುವ ಕಾರ್ಡೂ ಸುಲಭವಾಗಿ ಸಿಗುತ್ತದೆ. ಇದ್ದರೆ ಮಗನಿಗೆ ತೋರಿಸಿ, ನಗುತ್ತಾನೆ.

ಒಂದು ಅಡ್ಡಮಾತು. ಆಟಗಾರನ ಹೆಸರಿಗೆ ಮಸಿ ಬಿದ್ದರೆ ಕಾರ್ಡಿಗೂ ಬೀಳುತ್ತದೆ. 1998ರ ಒಂದೇ ಋತುವಿನಲ್ಲಿ ಮಾರ್ಕ್ ಮಗ್ವಾಯರ್ 70 ಹೋಮ್ ರನ್ ಹೊಡೆದಾಗ ಅವರ 1985ರ ಟಾಪ್ಸ್ ಕಾರ್ಡಿಗಾಗಿ ಜನ ಮುಗಿಬಿದ್ದಿದ್ದರು. ಸ್ಟೀರಾಯ್ಡ್ ಮಾತು ಎದ್ದಾಗ ಅದು ಇಳಿಯಿತು. 2010ರಲ್ಲಿ ಅವರೇ ಒಪ್ಪಿಕೊಂಡರು. ನನ್ನ ಬಾಂಡ್ಸ್ ಕೂಡ ಅದೇ ಸುಳಿಯಲ್ಲಿ ಸಿಕ್ಕಿದರು. ಪತ್ರಕರ್ತರ ಮತದಿಂದ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಸಾಲು) ಸೇರುವ ಅವಕಾಶ ಅವರಿಗೆ 2022ಕ್ಕೆ ಮುಗಿಯಿತು.

ಈಗ ಗ್ರೇಡಿಂಗ್. ಪಿಎಸ್‌ಎ ಅನ್ನುವ ಕಂಪನಿ 1991ರಲ್ಲಿ ಶುರುವಾಯಿತು, ಅದರಂಥವು ಇನ್ನೂ ಕೆಲವಿವೆ. ಕಾರ್ಡ್ ಅಸಲಿಯಾ ನೋಡುತ್ತಾರೆ. ಚಿತ್ರ ನಡುಮಧ್ಯೆ ಕೂತಿದೆಯಾ, ಮೂಲೆ ಚೂಪಾಗಿದೆಯಾ, ಅಂಚು ಸವೆದಿದೆಯಾ, ಮೇಲ್ಮೈ ಮೇಲೆ ಗೀರಿದೆಯಾ ಅಂತ ಪರೀಕ್ಷಿಸಿ 1ರಿಂದ 10ರ ಒಳಗೆ ಅಂಕ ಹಾಕಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತಾರೆ. ಕಡಿಮೆ ದರದ್ದು ಅಂದರೂ ಕಾರ್ಡಿಗೆ 20-25 ಡಾಲರ್ ಹಿಡಿಯಿರಿ, ಅಂಚೆ ಖರ್ಚು ಬೇರೆ. "ಎಲ್ಲವನ್ನೂ ಕಳಿಸಿ" ಅಂದ ಗೆಳೆಯರಿಗೆ ಗುಣಾಕಾರ ಮಾಡಲು ಹೇಳಿ. 30,000 ಕಾರ್ಡಿಗೆ ನಿಮ್ಮ ಮನೆ ಮಾರಿದ ದುಡ್ಡೇ ಬೇಕಾದೀತು! ನೂರೇ ಕಳಿಸಿದರೂ 2,500 ಡಾಲರ್ ಮುಂಗಡ ಹೋಯಿತು.

ಆ ಕಾಲದ ಕಾರ್ಡಿಗೆ 10 ಬಂದರೆ ಮಾತ್ರ ಆಟ. ಗ್ರಿಫಿಯನ್ನೇ ತೆಗೆದುಕೊಳ್ಳಿ. 10 ಬಂದರೆ ಸಾವಿರ ಡಾಲರ್ ದಾಟುತ್ತದೆ, 8 ಬಂದರೆ ಖರ್ಚು ಕಳೆದು ಕೈಯಲ್ಲಿ ಉಳಿಯುವುದು ಕಾಫಿ ತಿಂಡಿಗೆ ಸರಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ನಾನೇ 10 ಬಂದೇ ಬರುತ್ತದೆ ಅಂತ ಕಳಿಸಿದ ಕಾರ್ಡುಗಳು 8 ಹೊತ್ತು ವಾಪಸ್ ಬಂದಿವೆ. ಹಾಗಾಗಿ ನಿಮ್ಮ ಇಡೀ ಸಂಗ್ರಹದಲ್ಲಿ ಗ್ರೇಡಿಂಗ್‌ಗೆ ಹೋಗಬೇಕಾದದ್ದು ಹತ್ತು ಕಾರ್ಡ್ ಇದ್ದರೆ ಹೆಚ್ಚು. ಅದನ್ನೂ ಮೊದಲು ಯಾರಾದರೂ ಅನುಭವಸ್ಥರ ಕಣ್ಣಿಗೆ ಹಾಕಿ.

ಆ ಹತ್ತರಲ್ಲಿ ಒಂದು ರಯಾನ್.

ನಿಮ್ಮ ಪೆಟ್ಟಿಗೆಗಳಿಗೆ ಹೇಳಿದ ಯಾವ ಮಾತೂ ಇದಕ್ಕೆ ಹೊಂದುವುದಿಲ್ಲ. 1968ರಲ್ಲಿ ಯಾರೂ ಕಾರ್ಡನ್ನು ಹೂಡಿಕೆ ಅಂತ ಎತ್ತಿಡುತ್ತಿರಲಿಲ್ಲ. ನಂಬರ್ 177, ಮೆಟ್ಸ್ ತಂಡದ ಇಬ್ಬರು ಹೊಸಬರು ಒಂದೇ ಕಾರ್ಡಿನಲ್ಲಿ, ಜೆರಿ ಕೂಸ್‌ಮನ್ ಜೊತೆ ರಯಾನ್, ಸುತ್ತಲೂ ಗೋಣಿತಾಟಿನಂಥ ಅಂಚು. ರಯಾನ್ ಅವರ ಮೊದಲ ಕಾರ್ಡ್ ಇದು. ಮುಂದೆ ಅವರು 5,714 ಸ್ಟ್ರೈಕ್‌ಔಟ್ ಮಾಡಿದರು (ಅಂದರೆ ಅಷ್ಟು ಸಲ ಬ್ಯಾಟುಗಾರನನ್ನು ಮೂರು ಸ್ಟ್ರೈಕಿಗೆ ಔಟ್ ಮಾಡಿದರು), ಎದುರಾಳಿಗೆ ಒಂದೂ ಹಿಟ್ ಕೊಡದೆ ಏಳು ಪಂದ್ಯ ಮುಗಿಸಿದರು. ಎರಡೂ ದಾಖಲೆ ಇನ್ನೂ ಹಾಗೇ ಇವೆ. ಮಡಿಕೆ ಇದ್ದರೂ, ಮೂಲೆ ಸವೆದಿದ್ದರೂ ಅಸಲಿಯಾದರೆ ಈ ಕಾರ್ಡಿಗೆ ಕೆಲವು ನೂರು ಡಾಲರ್ ಇದ್ದೇ ಇದೆ. ಅಂದರೆ ಆ ಅಂಗಡಿಯವರು ಹನ್ನೊಂದು ಪೆಟ್ಟಿಗೆಗೆ ಹೇಳಿದ ದುಡ್ಡು ಬಹುತೇಕ ಇದೊಂದರಿಂದಲೇ ಹುಟ್ಟುತ್ತದೆ.

"ಅಸಲಿಯಾದರೆ" ಅಂತ ಯಾಕೆ ಹೇಳಿದೆ ಅಂದರೆ, ಇದರ ಮರುಮುದ್ರಣ, ನಕಲಿ ಎರಡೂ ಧಾರಾಳವಾಗಿವೆ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಹತ್ತುಪಟ್ಟಿನ ಭೂತಗನ್ನಡಿ ಒಂದು ತನ್ನಿ. ಕಾರ್ಡಿನ ಮೇಲಿನ ಕಪ್ಪು ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಅಕ್ಷರ ತುಂಬಿದ ಮಸಿಯಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ. ಅಸಲಿಯ ಫೋಟೋ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತದೆ. ಪಕ್ಕದಲ್ಲಿ ಅದೇ ವರ್ಷದ ಯಾವುದಾದರೂ ಸಾಮಾನ್ಯ ಕಾರ್ಡ್ ಇಟ್ಟುಕೊಂಡು ಹೋಲಿಸಿದರೆ ಇನ್ನೂ ಸುಲಭ. ಅಂಥದ್ದು ಅಂಗಡಿಯಲ್ಲಿ ಒಂದೆರಡು ಡಾಲರ್‌ಗೆ ಸಿಗುತ್ತದೆ. ರಟ್ಟಿನ ದಪ್ಪ, ಬಣ್ಣ, ಮುಟ್ಟಿದರೆ ಆಗುವ ಅನುಭವ ಎಲ್ಲ ಒಂದೇ ಥರ ಇರಬೇಕು.

ಇನ್ನು ಅಳಿಯನ ಉಪಾಯ. ಕಾರ್ಡ್ ಅಂದರೆ ಪದರ ಪದರ ರಟ್ಟು. ಮಡಿಕೆ ಬಿದ್ದಲ್ಲಿ ಒಳಗಿನ ನಾರೇ ಮುರಿದಿರುತ್ತದೆ. ನೀರು ತಾಗಿಸಿ ಒತ್ತಿದರೆ ಗೆರೆ ಸ್ವಲ್ಪ ದಿನ ಕಾಣದಂತಾಗಬಹುದು, ಆದರೆ ರಟ್ಟು ಉಬ್ಬುತ್ತದೆ, ಹೊಳಪು ಹೋಗುತ್ತದೆ, ಬಣ್ಣ ಕದಡಬಹುದು. ಗ್ರೇಡಿಂಗ್‌ನವರು ಅದನ್ನು ಹಿಡಿದರೆ ಅಂಕವನ್ನೇ ಕೊಡದೆ ತಿದ್ದಿದ ಕಾರ್ಡ್ ಅಂತ ಷರಾ ಬರೆಯುತ್ತಾರೆ. ಈಗ ಅದು ಮಡಿಕೆ ಇರುವ ಪ್ರಾಮಾಣಿಕ ಕಾರ್ಡ್. ಆಮೇಲೆ ಅನುಮಾನದ ಕಾರ್ಡ್. ಈ ಹವ್ಯಾಸದ ಅತಿ ದೊಡ್ಡ ಹಗರಣವೇ ಇಂಥದ್ದು. ತುಂಬಾ ಹೆಸರು ಮಾಡಿದ ಒಂದು ವ್ಯಾಗ್ನರ್ ಕಾರ್ಡಿಗೆ ಪಿಎಸ್‌ಎ 8 ಅಂಕ ಕೊಟ್ಟಿತ್ತು. ಅದರ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಅಂತ ಹರಾಜು ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಹರಾಜಿನ ಮೋಸಗಳಿಗಾಗಿ ಜೈಲಿಗೂ ಹೋದರು.

ಆ 400 ಡಾಲರ್ ಮಾತಿಗೆ ಬರೋಣ. ನಿಮ್ಮ ಪತ್ರ ಓದಿದಾಗ ನನಗೆ ಅಂಗಡಿಯವರ ಮೇಲೆ ಸಿಟ್ಟು ಬರಲಿಲ್ಲ. ಸಗಟು ಕಾರ್ಡಿಗೆ ಆ ದರ ಕಮ್ಮಿ ಏನಲ್ಲ. ಅವರು ವ್ಯಾನ್ ತರಬೇಕು, ಹೊರಬೇಕು, ವಿಂಗಡಿಸಬೇಕು, ವರ್ಷಗಟ್ಟಲೆ ಜಾಗ ಕೊಡಬೇಕು. ನನಗೆ ಚುಚ್ಚಿದ್ದು "ಎಲ್ಲಾ ಸೇರಿ" ಅನ್ನುವ ಮಾತು. ರಯಾನ್ ಅವರ ಕಣ್ಣಿಗೆ ಬಿದ್ದಿತ್ತಾ? ಬಿದ್ದಿದ್ದರೆ, 400 ಡಾಲರ್ ಹೇಳಿದ್ದು ಅದಕ್ಕೆ, ಪೆಟ್ಟಿಗೆಗಳು ಪುಕ್ಕಟೆ. ಒಳ್ಳೆಯದನ್ನು ಕೆಟ್ಟದರ ಜೊತೆ ಸೇರಿಸಿ ಒಂದೇ ಬೆಲೆ ಕಟ್ಟುವುದು ಈ ವ್ಯಾಪಾರದ ಹಳೇ ವರಸೆ. ಕೊಳ್ಳುವಾಗ ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ನಾನಾದರೆ ಏನು ಮಾಡುತ್ತಿದ್ದೆ? ಮೊದಲು ಆ ಹತ್ತಿಪ್ಪತ್ತು ಕಾರ್ಡ್ ಹೊರಗೆ ತೆಗೆಯುತ್ತಿದ್ದೆ. ಇಬೇಯಲ್ಲಿ ಅವುಗಳ ಬೆಲೆ ನೋಡುತ್ತಿದ್ದೆ. ಜನ ಕೇಳುತ್ತಿರುವ ಬೆಲೆ ಅಲ್ಲ, ನಿಜವಾಗಿ ಮಾರಾಟವಾದ ಬೆಲೆ. ಅದನ್ನು ಬೇರೆಯಾಗಿ ತೋರಿಸುವ ಆಯ್ಕೆ ಅಲ್ಲೇ ಇದೆ. ರಯಾನ್ ಗ್ರೇಡಿಂಗ್‌ಗೆ ಹೋಗಬೇಕು, ಅಂಕ ಜಾಸ್ತಿ ಬರಲಿ ಅಂತಲ್ಲ, ಅಸಲಿ ಅನ್ನುವ ಮುದ್ರೆ ಬೀಳಲಿ ಅಂತ. ಆಮೇಲೆ ಅದನ್ನು ನೀವೇ ನೇರವಾಗಿ ಮಾರಬಹುದು ಅಥವಾ ಹರಾಜಿಗೆ ಕೊಡಬಹುದು. ನೀವೇ ಮಾರಿದರೆ ದುಡ್ಡು ಜಾಸ್ತಿ, ತಲೆನೋವೂ ಜಾಸ್ತಿ. ಪಾರ್ಸೆಲ್ ಕಳೆದುಹೋಯಿತು, ಫೋಟೋದಲ್ಲಿ ಕಂಡ ಹಾಗಿಲ್ಲ ಅಂತ ತಗಾದೆ ಬರುತ್ತದೆ. ಹರಾಜಿನವರು ತಮ್ಮ ಪಾಲು ಹಿಡಿದುಕೊಳ್ಳುತ್ತಾರೆ, ದುಡ್ಡು ಕೈಗೆ ಬರಲು ತಿಂಗಳುಗಳಾಗುತ್ತವೆ. ಉಳಿದ ಪೆಟ್ಟಿಗೆಗಳಿಗೆ ಇನ್ನಿಬ್ಬರು ಅಂಗಡಿಯವರನ್ನು ಕೇಳಿ. ಮುನ್ನೂರು ಅಂದರೂ ಕೊಟ್ಟುಬಿಡಿ. ಯಾರೂ ಒಪ್ಪದಿದ್ದರೆ ಊರಿನ ಮಕ್ಕಳ ಬೇಸ್‌ಬಾಲ್ ಲೀಗಿಗೆ, ಗ್ರಂಥಾಲಯಕ್ಕೆ ಕೊಡಿ. ಒಂದೊಂದಾಗಿ ಮಾರುತ್ತೇನೆ ಅಂತ ಮಾತ್ರ ಹೊರಡಬೇಡಿ, ಒಂದು ಜನ್ಮ ಸಾಲದು.

ಲಾಭ ಬಂದರೆ ತೆರಿಗೆ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಸಂಗ್ರಹದ ವಸ್ತುವಿನ ಲಾಭಕ್ಕೆ ಅಮೆರಿಕದಲ್ಲಿ ಕೇಂದ್ರದ ತೆರಿಗೆ ಗರಿಷ್ಠ 28 ಶೇಕಡಾ, ಷೇರಿಗಿಂತ ಜಾಸ್ತಿ. ರಯಾನ್‌ಗೆ ಕೊಟ್ಟ 60 ಡಾಲರ್ ಕಳೆದು ಉಳಿದದ್ದು ಲಾಭ. ಮನೆ ಮಾರುವ ವರ್ಷವೇ ಇದನ್ನೂ ಮಾರುತ್ತಿದ್ದರೆ ನಿಮ್ಮ ಲೆಕ್ಕ ನೋಡುವವರಿಗೆ ಒಂದು ಮಾತು ತಿಳಿಸಿ.

ಮೈಸೂರಿಗೆ ಒಯ್ಯುವುದು? ಒಂದು ಕಾರ್ಡ್ ಎರಡು ಗ್ರಾಂಗೆ ಸ್ವಲ್ಪ ಕಮ್ಮಿ. 30,000 ಅಂದರೆ ಪೆಟ್ಟಿಗೆ ಬಿಟ್ಟೇ ಐವತ್ತು ಕಿಲೋ ದಾಟುತ್ತದೆ. 23 ಕಿಲೋದ ಎರಡು ಸೂಟ್‌ಕೇಸಿಗೂ ಹಿಡಿಸುವುದಿಲ್ಲ. ಅಲ್ಲಿ ಕೊಳ್ಳುವವರೂ ಸಿಗುವುದಿಲ್ಲ. ಆದ್ದರಿಂದ ಮಾರುವುದನ್ನು ಇಲ್ಲೇ ಮಾರಿ, ಇಟ್ಟುಕೊಳ್ಳಬೇಕು ಅನಿಸಿದ್ದನ್ನು ಮಾತ್ರ ಒಯ್ಯಿರಿ. ಮಗನ ಮೊದಲ ನಾಲ್ಕು ಕಾರ್ಡ್ ಇನ್ನೂ ಇವೆಯಾ? ನೀವು ಬರೆದಿಲ್ಲ. ಇದ್ದರೆ ಅವು ಹೋಗಲಿ. ನಾನು ಏನೂ ಬೆಲೆಯಿಲ್ಲದ ಒಂದು ಸಿಡ್ ಬ್ರೀಮ್ ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಮೊದಲು ನಮ್ಮ ಪೈರೇಟ್ಸ್‌ನಲ್ಲಿದ್ದ ಆತ ಅಟ್ಲಾಂಟಾಗೆ ಹೋಗಿ, 1992ರ ಅಕ್ಟೋಬರಿನಲ್ಲಿ ನಮ್ಮ ವಿರುದ್ಧವೇ ಜಾರಿಕೊಂಡು ಬಂದು ಗೆಲುವಿನ ರನ್ ಗಳಿಸಿದ. ಅದಾದ ಮೇಲೆ ಇಪ್ಪತ್ತು ವರ್ಷ ಪೈರೇಟ್ಸ್ ಗೆಲುವಿಗಿಂತ ಸೋಲೇ ಜಾಸ್ತಿ ಕಂಡಿತು. ಸಿಟ್ಟು ಬಂದಾಗ ಬೈಯಲು ಒಂದು ಮುಖ ಬೇಕಲ್ವಾ?

ಮೈಸೂರಿನ ಹವೆ ಮಂಗಳೂರಿನಷ್ಟು ಕೆಟ್ಟದ್ದಲ್ಲ. ಆದರೂ ಮಳೆಗಾಲದ ತೇವಕ್ಕೆ ಕಾರ್ಡ್ ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಪ್ರತಿ ಕಾರ್ಡಿಗೂ ತೆಳು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರ್ ಹಾಕಿ. ಎಂಬತ್ತರ ದಶಕದ ಮೆತ್ತನೆಯ ಪಿವಿಸಿ ಹಾಳೆಗಳಲ್ಲಿ ಇಟ್ಟಿದ್ದರೆ ಈಗಲೇ ತೆಗೆಯಿರಿ. ಅವು ಕಾಲ ಕಳೆದ ಹಾಗೆ ಅಂಟಂಟಾಗಿ ಕಾರ್ಡಿನ ಮಸಿಯನ್ನೇ ಕೀಳುತ್ತವೆ. ರಬ್ಬರ್ ಬ್ಯಾಂಡ್ ಹಾಕಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲಕ್ಕೊಮ್ಮೆ ಬದಲಿಸಿ. ಡಬ್ಬಿ ಗೋಡೆಗೆ ತಾಗದಂತೆ ಕಪಾಟಿನ ಮೇಲಿನ ಹಲಗೆಯಲ್ಲಿರಲಿ, ಗೆದ್ದಲಿನ ಕಾಟ ನಿಮಗೆ ಗೊತ್ತೇ ಇದೆ. ನುಸಿಗುಳಿಗೆ ಮಾತ್ರ ಬೇಡ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ.

ಕೊನೆಗೆ ಒಂದು ಕೆಲಸ ನಿಮಗೆ. ನೀವು ಕಳಿಸಿದ್ದು ರಯಾನ್ ಕಾರ್ಡಿನ ಮುಂಭಾಗದ ಫೋಟೋ ಮಾತ್ರ. ಹಿಂಭಾಗದ್ದೂ ಕಳಿಸಿ, ಕೆಳಗಿನ ಅಂಚು ಸ್ಪಷ್ಟವಾಗಿ ಕಾಣುವ ಹಾಗೆ. ಅದೇ ವರ್ಷ ಇದೇ ಕಾರ್ಡನ್ನು ಓ-ಪೀ-ಚೀ ಅನ್ನುವ ಕಂಪನಿ ಕೆನಡಾದಲ್ಲೂ ಅಚ್ಚು ಹಾಕಿತ್ತು. ಮುಂಭಾಗ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದೆ ಚಿಕ್ಕ ಅಕ್ಷರದಲ್ಲಿ ಕೆನಡಾದಲ್ಲಿ ಮುದ್ರಿತ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಅದು ಟಾಪ್ಸ್‌ಗಿಂತ ತುಂಬಾ ಕಮ್ಮಿ ಸಿಗುವ ಕಾರ್ಡ್. ಓಹಾಯೋದಿಂದ ಕೆನಡಾ ದೂರವೇನಲ್ಲ, ಸಂತೆಗೆ ಯಾವ ಕಡೆಯಿಂದ ಬಂದಿತ್ತೋ ಯಾರಿಗೆ ಗೊತ್ತು. ಆ ಫೋಟೋ ನೋಡಿ ನಾನು ಬರೆಯುವವರೆಗೆ ಅಂಗಡಿಯವರಿಗೆ ಹೂಂ ಅನ್ನಬೇಡಿ.